ಯಾರ ಮಕ್ಕಳು?



ಅಮೆರಿಕದ ಪೂರ್ವತೀರದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಟಾಲ್ಬಟ್ ಎಂಬುದೊಂದು ಸಣ್ಣ ಜಿಲ್ಲೆ. 1820ರ ಆಸುಪಾಸಿನಲ್ಲಿ ಆ ಜಿಲ್ಲೆಯ ಹೊಲವೊಂದರಲ್ಲಿ ದುಡಿಯುತ್ತಿದ್ದ ಒಬ್ಬ ಗುಲಾಮ ಹೆಂಗಸು, ಹಗಲಿನ ಕೆಲಸವೆಲ್ಲ ಮುಗಿದ ಮೇಲೆ ಕತ್ತಲಲ್ಲಿ ಹನ್ನೆರಡು ಮೈಲಿ ನಡೆದು, ಬೇರೊಂದು ಹೊಲದಲ್ಲಿ ಪರರ ಕೈಯಲ್ಲಿ ಬೆಳೆಯುತ್ತಿದ್ದ ತನ್ನ ಮಗನ ಮಗ್ಗುಲಲ್ಲಿ ಮಲಗಿ, ಅವನಿಗೆ ನಿದ್ದೆ ಹತ್ತಿತೆಂದು ಕಂಡಮೇಲೆ ಮೆಲ್ಲನೆ ಎದ್ದು, ಬಂದ ದಾರಿಯನ್ನೇ ಹಿಡಿದು ಹಿಂದಿರುಗುತ್ತಿದ್ದಳು. ಹೊತ್ತು ಮೂಡುವುದರೊಳಗೆ ಹೊಲದಲ್ಲಿ ಹಾಜರಿರದಿದ್ದರೆ ಚಾಟಿಯೇಟು ಕಾದಿರುತ್ತಿತ್ತು. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧ ವಾಗ್ಮಿಯಾದ ಫ್ರೆಡ್ರಿಕ್ ಡಗ್ಲಸ್. ತನ್ನ ಜನ್ಮದಲ್ಲಿ ತಾಯಿಯನ್ನು ಕಂಡದ್ದು ನಾಲ್ಕೈದು ಬಾರಿ ಮಾತ್ರ, ಅದೂ ರಾತ್ರಿಯ ಹೊತ್ತಿನಲ್ಲಿ, ಹಗಲು ಬೆಳಕಿನಲ್ಲಿ ಆಕೆಯ ಮುಖವನ್ನು ನೋಡಿದ ನೆನಪೇ ತನಗಿಲ್ಲ ಎಂದು ಆತ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆಕೆ ಸತ್ತ ಸುದ್ದಿ ಬಂದಾಗ ಯಾರೋ ಪರಕೀಯರು ಸತ್ತರೆಂದು ಕೇಳಿದಷ್ಟೇ ವ್ಯಥೆ ತನಗಾಯಿತೆಂದೂ ಬರೆದಿದ್ದಾನೆ. ಮಗನ ಮನಸ್ಸು ಕಲ್ಲಾಗಿತ್ತೆಂದು ಇದರ ಅರ್ಥವಲ್ಲ. ತಾಯಿಯೆಂದರೆ ಏನೆಂದು ತಿಳಿಯುವುದಕ್ಕೆ ಬೇಕಾದಷ್ಟು ಕಾಲವನ್ನು ಒಡೆಯರು ಅವನಿಗೆ ಕೊಡಲಿಲ್ಲ. ಮಗುವಿಗೆ ವರ್ಷ ತುಂಬುವ ಮುನ್ನ ತಾಯಿಯಿಂದ ಅಗಲಿಸುವುದು ಆ ಸೀಮೆಯಲ್ಲಿ ವಾಡಿಕೆಯೇ ಆಗಿತ್ತು.

ಇದೇ ಟಾಲ್ಬಟ್ ಜಿಲ್ಲೆಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವು ಮರಳಿ ಬರಬೇಕಾಗಿದೆ. ಅದಕ್ಕೆ ಮೊದಲು ಗುಲಾಮಗಿರಿಯ ಶಾಸನ ಸಂಸಾರವೆಂಬುದನ್ನು ಹೇಗೆ ಕಂಡಿತ್ತೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹುಟ್ಟಿದ ಮಗು ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದು ಎಂದು ವರ್ಜೀನಿಯಾದವರು 1662ರಲ್ಲಿಯೇ ಕಾನೂನು ಮಾಡಿದರು. ಉಳಿದ ಪ್ರಾಂತಗಳೂ ಅದೇ ಜಾಡು ಹಿಡಿದವು. ತಂದೆ ಯಾರೇ ಆಗಿರಲಿ, ಒಡೆಯನೇ ಆಗಿರಲಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಆಕಳ ಕರು ಆಕಳಿನ ಯಜಮಾನನಿಗೆ ಸೇರುವ ಹಾಗೆ ಆಕೆಯ ಮಗು ಆಕೆಯ ಒಡೆಯನಿಗೆ ಸೇರಿತು. ಗುಲಾಮರ ವಿವಾಹಕ್ಕೆ ಕಾನೂನಿನಲ್ಲಿ ಮಾನ್ಯತೆ ಇರಲಿಲ್ಲ. ಅವರು ಮದುವೆಯಾಗುತ್ತಿರಲಿಲ್ಲವೆಂದಲ್ಲ, ಪಾದ್ರಿಯೋ ಹಿರಿಯನೋ ಮುಂದೆ ನಿಂತು, ಹತ್ತು ಜನ ಸಾಕ್ಷಿಯಾಗಿ, ಮದುವೆಗಳು ನಡೆಯುತ್ತಲೇ ಇದ್ದವು. ಆದರೆ ಮರುದಿನವೇ ಗಂಡನನ್ನು ಮಾರಿಬಿಟ್ಟರೆ ಕೇಳುವ ನ್ಯಾಯಾಲಯವಿರಲಿಲ್ಲ. 1790ರಿಂದ 1860ರವರೆಗಿನ ಎಪ್ಪತ್ತು ವರ್ಷಗಳಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್ ಮೊದಲಾದ ಹಳೆಯ ಸಂಸ್ಥಾನಗಳಿಂದ ದಕ್ಷಿಣದ ಹತ್ತಿಯ ಸೀಮೆಗೆ ಹೊರಟುಹೋದ ಗುಲಾಮರು ಸುಮಾರು ಹತ್ತು ಲಕ್ಷ. ಒಡೆಯರೊಡನೆ ಒಕ್ಕಲೆದ್ದು ಹೋದವರು ಅವರಲ್ಲಿ ಕೆಲವರು, ವ್ಯಾಪಾರಿಗಳ ಸರಪಳಿಯಲ್ಲಿ ನಡೆದವರು ಹಲವರು. 1829ರಲ್ಲಿ ಲೂಯಿಸಿಯಾನದ ಶಾಸನಸಭೆ, ಹತ್ತು ವರ್ಷದೊಳಗಿನ ಮಗುವನ್ನು ತಾಯಿಯಿಂದ ಬೇರ್ಪಡಿಸಿ ಮಾರಾಟಕ್ಕಾಗಿ ತನ್ನ ಸಂಸ್ಥಾನದೊಳಗೆ ತರಕೂಡದೆಂದು ವಿಧಿಸಿತು. ಇದನ್ನು ದಯೆಯೆಂದು ಕೊಂಡಾಡಿದವರೂ ಉಂಟು. ಹನ್ನೊಂದನೆಯ ವರ್ಷಕ್ಕೆ ಕಾಲಿಟ್ಟ ಮಗುವಿನ ಗತಿ ಏನೆಂಬುದನ್ನು ಆ ದಯಾವಂತರು ಶಾಸನದಲ್ಲಿ ಬರೆಯಬೇಕಾಗಿರಲಿಲ್ಲ.

ಆದುದರಿಂದ, ದಂಗೆಯೆದ್ದ ದಕ್ಷಿಣಕ್ಕೂ ಉತ್ತರದ ಒಕ್ಕೂಟಕ್ಕೂ ನಡೆದ ಅಂತರ್ಯುದ್ಧದಲ್ಲಿ ಬಿಡುಗಡೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಆ ಜನ ಮೊದಲು ಮಾಡಿದ ಕೆಲಸ ಭೂಮಿ ಕೇಳುವುದೂ ಅಲ್ಲ, ಮತ ಕೇಳುವುದೂ ಅಲ್ಲ. ಅವನ್ನು ಆಮೇಲೆ ಕೇಳಿದರು. ಮೊದಲು ಎದ್ದು ನಡೆದರು. ಗಂಡ ಹೆಂಡತಿಯನ್ನು ಹುಡುಕಿಕೊಂಡು, ತಾಯಿ ಮಕ್ಕಳನ್ನು ಹುಡುಕಿಕೊಂಡು, ಉಟ್ಟ ಬಟ್ಟೆಯಲ್ಲಿ, ನೂರಾರು ಮೈಲಿ ನಡೆದರು. ಬಿಳಿಯ ಜನ ಇದನ್ನು ಕಂಡು, ಸ್ವಾತಂತ್ರ್ಯ ಬಂದದ್ದೇ ತಡ ಕರಿಯರು ಕೆಲಸ ಬಿಟ್ಟು ಬೀದಿ ಅಲೆಯುತ್ತಿದ್ದಾರೆ ಎಂದು ದೂರಿದರು.

ಕೆಲವರು ನಡೆಯಲಾರದೆ ಕಾಗದ ಬರೆದರು. 1864ರ ಸೆಪ್ಟೆಂಬರ್ ತಿಂಗಳಲ್ಲಿ ಸೇಂಟ್ ಲೂಯಿ ಪಟ್ಟಣದ ಸೈನಿಕ ಆಸ್ಪತ್ರೆಯಲ್ಲಿ ಸ್ಪಾಟ್ಸ್‌ವುಡ್ ರೈಸ್ ಎಂಬ ಒಬ್ಬ ಕಪ್ಪು ಸಿಪಾಯಿ ಮಲಗಿದ್ದ. ಮಿಸೌರಿಯ ಗ್ಲಾಸ್ಗೋ ಎಂಬ ಊರಿನ ಕಡೆಯಿಂದ ತಪ್ಪಿಸಿಕೊಂಡು ಬಂದು ಒಕ್ಕೂಟದ ಸೈನ್ಯವನ್ನು ಸೇರಿದವನು. ಮಗಳು ಮೇರಿ ಇನ್ನೂ ಅಲ್ಲಿ ಒಬ್ಬ ಒಡತಿಯ ವಶದಲ್ಲಿದ್ದಳು. ಆತ ಎರಡು ಪತ್ರ ಬರೆದ. ಒಂದು ಮಕ್ಕಳಿಗೆ: ಧೈರ್ಯವಾಗಿರಿ, ಪ್ರಾಣ ಕೊಟ್ಟಾದರೂ ನಿಮ್ಮನ್ನು ಬಿಡಿಸಿಕೊಳ್ಳುತ್ತೇನೆ ಎಂದು. ಇನ್ನೊಂದು ಒಡತಿಗೆ. ನನ್ನ ಮಗುವನ್ನು ನಾನು ಕದಿಯಲು ಯತ್ನಿಸಿದೆನೆಂದು ನೀನು ಹೇಳಿದೆಯಂತೆ, ದೇವರು ನನಗೆ ಕೊಟ್ಟದ್ದನ್ನು ಹಿಡಿದಿಟ್ಟುಕೊಂಡವಳು ನೀನು, ನೀನು ಅವಳನ್ನು ಇಟ್ಟುಕೊಂಡಷ್ಟು ಕಾಲ ನರಕದಲ್ಲಿ ಬೇಯಬೇಕಾದೀತು ಎಂಬುದು ಅದರ ತಾತ್ಪರ್ಯ. ಅದರಲ್ಲಿ ಒಂದು ಸಣ್ಣ ಮಾತಿದೆ. ಬೈಗುಳಕ್ಕಿಂತ ಅದು ನನ್ನನ್ನು ಹೆಚ್ಚಾಗಿ ತಟ್ಟಿತು. ಹಿಂದೊಮ್ಮೆ ತನ್ನ ಮಗುವನ್ನು ತಾನೇ ಕೊಂಡುಕೊಳ್ಳಲು ನಲವತ್ತು ಡಾಲರ್ ಕೊಡುತ್ತೇನೆಂದು ಆತ ಆಕೆಯನ್ನು ಕೇಳಿಕೊಂಡಿದ್ದನಂತೆ; ಆಕೆ ಒಪ್ಪದೆ ಹೋದದ್ದೇ ಒಳ್ಳೆಯದಾಯಿತೆಂದು ಈಗ ಬರೆಯುತ್ತಾನೆ. ಹಣ ಉಳಿಯಿತೆಂದಲ್ಲ. ತನ್ನದನ್ನು ತಾನು ಬೆಲೆ ಕೊಟ್ಟು ಕೊಂಡನೆಂಬ ಕಳಂಕ ಉಳಿಯಲಿಲ್ಲವೆಂದು. ಆ ಮಗಳು ಬದುಕಿ ಬಾಳಿದಳು; ಎಂಬತ್ತೈದರ ವೃದ್ಧೆಯಾಗಿದ್ದಾಗ, 1937ರಲ್ಲಿ, ಹಳೆಯ ಗುಲಾಮರ ನೆನಪುಗಳನ್ನು ಬರೆದುಕೊಳ್ಳಲು ಬಂದ ಸರ್ಕಾರದವರಿಗೆ, ತಾನು ಏಳು ವರ್ಷದವಳಾಗಿದ್ದಾಗಲೇ ಒಡತಿ ತನ್ನನ್ನು ಒಬ್ಬ ಪಾದ್ರಿಯ ಮನೆಗೆ ಬಾಡಿಗೆಗೆ ಕೊಟ್ಟಳೆಂದೂ, ತಾನೇ ಮಗುವಾಗಿದ್ದು ಅಲ್ಲಿ ಮೂರು ಮಕ್ಕಳನ್ನು ಆಡಿಸಿದೆನೆಂದೂ ಹೇಳಿದಳು.

ಈಗ ಟಾಲ್ಬಟ್ ಜಿಲ್ಲೆಗೆ ಬರೋಣ. ಅಧ್ಯಕ್ಷ ಲಿಂಕನ್ನನ 1863ರ ವಿಮೋಚನಾ ಘೋಷಣೆ ದಂಗೆಯೆದ್ದ ಸಂಸ್ಥಾನಗಳಿಗೆ ಮಾತ್ರ ಅನ್ವಯಿಸಿದುದರಿಂದ, ಒಕ್ಕೂಟದಲ್ಲಿಯೇ ಉಳಿದಿದ್ದ ಮೇರಿಲ್ಯಾಂಡಿನ ಗುಲಾಮರಿಗೆ ಅದರಿಂದ ಬಿಡುಗಡೆಯಾಗಲಿಲ್ಲ. ಆ ಸಂಸ್ಥಾನ ತಾನೇ ಒಂದು ಹೊಸ ಸಂವಿಧಾನವನ್ನು ರಚಿಸಿಕೊಂಡು 1864ರ ನವೆಂಬರ್ 1ರಂದು ಗುಲಾಮಗಿರಿಯನ್ನು ಕಿತ್ತುಹಾಕಿತು. ಅದರ ಮರುದಿನದಿಂದಲೇ ಈಸ್ಟನ್ ಪಟ್ಟಣದ ಕಚೇರಿಯ ಮುಂದೆ ಗಾಡಿಗಳು ಬಂದು ನಿಲ್ಲತೊಡಗಿದವು. ಗಾಡಿಗಳ ತುಂಬ ಮಕ್ಕಳು. ಅನಾಥರ ನ್ಯಾಯಾಲಯ ಎಂಬ ಹೆಸರಿನ ಒಂದು ಕೋರ್ಟು ಅಲ್ಲಿತ್ತು. ತಂದೆತಾಯಿಗಳಿಗೆ ಸಾಕುವ ಶಕ್ತಿಯಿಲ್ಲವೆಂದು ಕಂಡುಬಂದರೆ ಕಪ್ಪು ಮಕ್ಕಳನ್ನು ಒಬ್ಬ ಯಜಮಾನನ ಕೈಕೆಳಗೆ ಕರಾರಿನ ಮೇಲೆ ಒಪ್ಪಿಸುವ ಅಧಿಕಾರ ಅದಕ್ಕಿತ್ತು. ಹಳೆಯ ಒಡೆಯರು ನಿನ್ನೆಯವರೆಗೆ ತಮ್ಮ ಗುಲಾಮರಾಗಿದ್ದ ಮಕ್ಕಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಹೆಣ್ಣಾದರೆ ಹದಿನೆಂಟು, ಗಂಡಾದರೆ ಇಪ್ಪತ್ತೊಂದು ವರ್ಷ ತುಂಬುವವರೆಗೆ ತಮ್ಮಲ್ಲಿಯೇ ಕಟ್ಟುಬಿದ್ದು ಇರತಕ್ಕದ್ದೆಂಬ ಪತ್ರ ಬರೆಸಿಕೊಂಡು, ಅದೇ ಗಾಡಿಯಲ್ಲಿ ಹಿಂದಕ್ಕೆ ಕರೆದೊಯ್ದರು. ಇದಕ್ಕೆ ಕಸಬು ಕಲಿಸುವ ಕರಾರು ಎಂದು ಹೆಸರು. ನಮ್ಮ ಕಡೆ ಇದನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಕೇಳುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ: ಜೀತ.

ಈಸ್ಟನ್ನಿನಲ್ಲಿದ್ದ ಸೈನ್ಯಾಧಿಕಾರಿಯೊಬ್ಬ ಆ ವಾರದಲ್ಲಿಯೇ ಮೇಲಿನವರಿಗೆ ವರದಿ ಕಳಿಸುತ್ತ, ಒಂದು ವಿವರವನ್ನು ತಪ್ಪದೆ ಗುರುತಿಸಿದ. ಹನ್ನೆರಡು, ಹದಿನಾಲ್ಕು ವರ್ಷದ ಹುಡುಗರನ್ನು, ಸಾಕಲು ತಂದೆತಾಯಿಗಳಿಗೆ ಶಕ್ತಿಯಿಲ್ಲವೆಂಬ ನೆಪದಿಂದ ಕಿತ್ತುಕೊಳ್ಳುತ್ತಿದ್ದಾರೆ. ಅದೇ ಮನೆಯ ಎಳೆಯ ಮಕ್ಕಳನ್ನು ಮಾತ್ರ ಅದೇ ಅಶಕ್ತ ತಂದೆತಾಯಿಗಳೇ ಸಾಕಿಕೊಳ್ಳಲಿ ಎಂದು ಬಿಟ್ಟುಹೋಗುತ್ತಿದ್ದಾರೆ. ಯಾರೂ ಇದಕ್ಕೆ ವ್ಯಾಖ್ಯಾನ ಬರೆಯಬೇಕಾಗಿಲ್ಲ. ದುಡಿಯಬಲ್ಲ ಮಗು ಅನಾಥ. ಹಾಲು ಕುಡಿಯುವ ಮಗುವಿಗೆ ತಾಯಿಯಿದ್ದಾಳೆ.

ಆಗ ಬಾಲ್ಟಿಮೋರಿನಲ್ಲಿ ಸೇನಾಧಿಪತಿಯಾಗಿದ್ದವನು ಲ್ಯೂ ವಾಲೇಸ್. ಮುಂದೆ ‘ಬೆನ್ ಹರ್’ ಎಂಬ ಕಾದಂಬರಿಯನ್ನು ಬರೆದು ಪ್ರಸಿದ್ಧನಾದವನು ಇವನೇ. ನವೆಂಬರ್ 9ರಂದು ಈತ ವಿಮುಕ್ತರೆಲ್ಲರನ್ನೂ ಸೈನ್ಯದ ರಕ್ಷಣೆಗೆ ತೆಗೆದುಕೊಂಡಿರುವುದಾಗಿ ಆಜ್ಞೆ ಹೊರಡಿಸಿದ. ನಿರಾಶ್ರಿತರಾಗಿ ನಗರಕ್ಕೆ ಬರುವವರಿಗೆ ಒಂದು ತಂಗುದಾಣ ಬೇಕೆಂದು, ಆ ನಗರದ ಶ್ರೀಮಂತರು ಕೂತು ಕುಡಿದು ಹರಟುತ್ತಿದ್ದ ಮೇರಿಲ್ಯಾಂಡ್ ಕ್ಲಬ್ಬಿನ ಕಟ್ಟಡವನ್ನೇ ವಶಪಡಿಸಿಕೊಂಡ. ಕಾದಂಬರಿಕಾರನಿಗೆ ತಕ್ಕ ಯೋಚನೆ. ಆದರೆ ಕೋರ್ಟುಗಳು ನಿಲ್ಲಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಮೇರಿಲ್ಯಾಂಡ್ ಒಂದರಲ್ಲೇ ಹೀಗೆ ಬಂಧಿತರಾದ ಮಕ್ಕಳನ್ನು ಸಾವಿರಗಳಲ್ಲಿ ಎಣಿಸಬೇಕು.

ಯುದ್ಧದಲ್ಲಿ ಸೋತ ಸಂಸ್ಥಾನಗಳೂ ಹಿಂದೆ ಬೀಳಲಿಲ್ಲ. 1865ರ ನವೆಂಬರಿನಲ್ಲಿ ಮಿಸಿಸಿಪ್ಪಿಯ ಶಾಸನಸಭೆ, ಹದಿನೆಂಟು ವರ್ಷದೊಳಗಿನ ಅನಾಥ ಕಪ್ಪು ಮಕ್ಕಳನ್ನೂ, ಸಾಕುವ ಅನುಕೂಲವಿಲ್ಲದ ಅಥವಾ ಸಾಕಲು ಒಪ್ಪದ ತಂದೆತಾಯಿಗಳ ಮಕ್ಕಳನ್ನೂ ಪಟ್ಟಿಮಾಡಿ ವರ್ಷಕ್ಕೆ ಎರಡು ಸಲ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಊರ ಅಧಿಕಾರಿಗಳಿಗೆ ವಿಧಿಸಿ, ಅವರನ್ನು ಕರಾರಿಗೆ ಹಚ್ಚುವಾಗ ಹಳೆಯ ಒಡೆಯನಿಗೇ ಮೊದಲ ಆದ್ಯತೆ ಎಂದು ನಾಚಿಕೆಯಿಲ್ಲದೆ ಬರೆದಿತು. ಇಲ್ಲಿ ಕಾನೂನಿನ ಜಾಣ್ಮೆಯನ್ನು ನಾವು ಗಮನಿಸಬೇಕು. ಇನ್ನೂರು ವರ್ಷ ಅದು ಈ ಜನರ ಮದುವೆಯನ್ನು ಮದುವೆಯಲ್ಲವೆಂದಿತು. ಈಗ, ಮದುವೆಯಿಲ್ಲದ ತಾಯಿಗೆ ಹುಟ್ಟಿದ ಮಗುವಿಗೆ ಕಾನೂನಿನಲ್ಲಿ ತಂದೆಯಿಲ್ಲವಾದ್ದರಿಂದ ಅದು ಕರಾರಿಗೆ ಅರ್ಹ ಎನ್ನತೊಡಗಿತು. ಇನ್ನೂರು ವರ್ಷ ಅವರಿಗೆ ಕೂಲಿ ಕೊಡಲಿಲ್ಲ. ಈಗ, ಕೈಯಲ್ಲಿ ಕಾಸಿಲ್ಲದವರು ಮಕ್ಕಳನ್ನು ಸಾಕಲಾರರು ಎಂದಿತು. ಹಳೆಯ ಪಾಪವೇ ಹೊಸ ಪಾಪಕ್ಕೆ ಸಾಕ್ಷಿ ನುಡಿದ ಹಾಗೆ.

ಈ ಹಿನ್ನೆಲೆಯನ್ನು ನೆನಪಿನಲ್ಲಿಟ್ಟುಕೊಂಡರೆ, ಉತ್ತರ ಕೆರೊಲಿನದಲ್ಲಿ 1866ರಲ್ಲಿ ಸಾವಿರಾರು ದಂಪತಿಗಳು, ಮುಪ್ಪಿನವರೂ ಮೊಮ್ಮಕ್ಕಳನ್ನು ಕಂಡವರೂ, ಜಿಲ್ಲಾ ಕಚೇರಿಯ ಮುಂದೆ ಸಾಲುಗಟ್ಟಿ, ಇಪ್ಪತ್ತೈದು ಸೆಂಟು ತೆತ್ತು, ತಾವು ಇಷ್ಟು ವರ್ಷಗಳಿಂದ ಗಂಡಹೆಂಡಿರಾಗಿ ಬಾಳುತ್ತಿದ್ದೇವೆಂದು ಬರೆಸಿದ್ದು ಏಕೆಂಬುದು ಅರ್ಥವಾಗುತ್ತದೆ. ಅದು ಒಲವಿನ ಸಂಭ್ರಮವೂ ಹೌದು, ಸಂದೇಹವಿಲ್ಲ. ಜೊತೆಗೆ, ನಾಳೆ ಯಾರಾದರೂ ಮಗುವಿನ ಕೈ ಹಿಡಿದು ಎಳೆದರೆ ತೋರಿಸುವುದಕ್ಕೆ ಒಂದು ಕಾಗದವೂ ಹೌದು.

ಇವರಿಗೆ ಆಸರೆಯಾಗಿ ನಿಲ್ಲಬೇಕಾದದ್ದು 1865ರ ಮಾರ್ಚಿನಲ್ಲಿ ಕಾಂಗ್ರೆಸ್ ಸ್ಥಾಪಿಸಿದ ಫ್ರೀಡ್ಮನ್ಸ್ ಬ್ಯೂರೋ, ಅಂದರೆ ವಿಮುಕ್ತರ ಇಲಾಖೆ. ಜನರಲ್ ಹೊವಾರ್ಡ್ ಅದರ ಮುಖ್ಯಸ್ಥ. ನಲವತ್ತು ಲಕ್ಷ ವಿಮುಕ್ತರಿಗೆ ಇದ್ದ ಅದರ ಅಧಿಕಾರಿಗಳು ಎಂದೂ ಒಂಬೈನೂರನ್ನು ಮೀರಲಿಲ್ಲ. ಆ ಅಧಿಕಾರಿಗಳಲ್ಲಿ ರಾತ್ರೋರಾತ್ರಿ ಸಿಪಾಯಿಗಳನ್ನು ಕರೆದೊಯ್ದು ಮಕ್ಕಳನ್ನು ಬಿಡಿಸಿ ತಂದವರೂ ಇದ್ದರು. ಬಡಮಕ್ಕಳು ಸರ್ಕಾರದ ತಲೆಯ ಮೇಲೆ ಬಿದ್ದಾರೆಂಬ ಭಯದಿಂದ ತಾವೇ ಕರಾರು ಬರೆಸಿ ಕೈತೊಳೆದುಕೊಂಡವರೂ ಇದ್ದರು. ಬಿಳಿಯರಿಗೂ ಕರಿಯರಿಗೂ ಒಂದೇ ಕಾನೂನಾಗಿದ್ದರೆ ಕರಾರಿಗೆ ಅಡ್ಡಿಯಿಲ್ಲವೆಂಬುದು ಇಲಾಖೆಯ ನಿಲುವು. ನಿಲುವಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆ ಸೀಮೆಯಲ್ಲಿ ಎರಡು ಬಣ್ಣಕ್ಕೂ ಒಂದಾಗಿದ್ದ ಕಾನೂನು ಎಲ್ಲಿತ್ತು?

ಇಲ್ಲವೆಂಬುದನ್ನು ತೋರಿಸಿಕೊಟ್ಟವಳು ಟಾಲ್ಬಟ್ ಜಿಲ್ಲೆಯ ಎಲಿಜಬೆತ್ ಟರ್ನರ್ ಎಂಬ ಹುಡುಗಿ. ವಿಮೋಚನೆಯ ಎರಡು ದಿನಗಳ ತರುವಾಯ ಅವಳನ್ನು ಅವಳ ಹಳೆಯ ಒಡೆಯನಿಗೇ ಕರಾರಿಗೆ ಹಚ್ಚಿದ್ದರು. ಸುಮಾರು ಮೂರು ವರ್ಷ ಕಳೆದ ಮೇಲೆ ಅವಳ ಪರವಾಗಿ, ಅಕ್ರಮ ಬಂಧನದಿಂದ ಬಿಡಿಸಬೇಕೆಂಬ ಹೇಬಿಯಸ್ ಕಾರ್ಪಸ್ ಅರ್ಜಿ ಬಾಲ್ಟಿಮೋರಿನ ಒಕ್ಕೂಟ ನ್ಯಾಯಾಲಯಕ್ಕೆ ಹೋಯಿತು. ಅಮೆರಿಕದ ಮುಖ್ಯ ನ್ಯಾಯಮೂರ್ತಿ ಸಾಮನ್ ಚೇಸ್ ಆಗ ಸಂಚಾರಿ ನ್ಯಾಯಾಧೀಶನಾಗಿ ಅಲ್ಲಿ ಕುಳಿತಿದ್ದ. 1867ರ ಅಕ್ಟೋಬರಿನಲ್ಲಿ ಆತ ಕರಾರುಪತ್ರವನ್ನು ಮುಂದಿಟ್ಟುಕೊಂಡು, ಬಿಳಿಯ ಮಗುವಿನ ಕರಾರಿನೊಡನೆ ಅದನ್ನು ಸಾಲು ಸಾಲಾಗಿ ಹೋಲಿಸಿದ. ಬಿಳಿಯ ಮಗುವಿಗೆ ಓದು, ಬರಹ, ಲೆಕ್ಕ ಕಲಿಸತಕ್ಕದ್ದೆಂದಿದೆ. ಈ ಹುಡುಗಿಗೆ ಆ ಮಾತಿಲ್ಲ. ಬಿಳಿಯ ಮಗುವನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಇವಳನ್ನು ಯಜಮಾನ ತನ್ನ ಇಚ್ಛೆಯಂತೆ ಅದೇ ಜಿಲ್ಲೆಯ ಯಾರಿಗೆ ಬೇಕಾದರೂ ದಾಟಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಇವಳ ಮೇಲೆ ಯಜಮಾನನಿಗಿರುವ ಅಧಿಕಾರವನ್ನು ಆ ಕಾನೂನು ಸ್ವತ್ತು ಎಂಬ ಶಬ್ದದಿಂದ ಕರೆದಿದೆ. ಹೆಸರು ಕರಾರಾದರೂ ಇದು ಸಂವಿಧಾನದ ಹದಿಮೂರನೆಯ ತಿದ್ದುಪಡಿ ನಿಷೇಧಿಸಿರುವ ಬಲವಂತದ ದಾಸ್ಯವೇ. 1866ರ ನಾಗರಿಕ ಹಕ್ಕುಗಳ ಶಾಸನಕ್ಕೂ ಇದು ವಿರುದ್ಧ ಎಂದು ತೀರ್ಪಿತ್ತು ಆತ ಹುಡುಗಿಯನ್ನು ಬಿಡುಗಡೆ ಮಾಡಿದ. ಅದೇ ವರ್ಷ ಉತ್ತರ ಕೆರೊಲಿನದ ಉಚ್ಚ ನ್ಯಾಯಾಲಯವೂ, ಮಕ್ಕಳಿಗೆ ತಿಳಿಯಪಡಿಸದೆ, ಅವರನ್ನು ಕರೆಸದೆ, ಬೆನ್ನ ಹಿಂದೆ ಬರೆಸಿಕೊಂಡ ಕರಾರು ಸಲ್ಲದೆಂದು ನಿರ್ಣಯಿಸಿತು. ಮಗು ನ್ಯಾಯಾಲಯದ ಕಣ್ಣಿಗೆ ಒಬ್ಬ ವ್ಯಕ್ತಿಯಾಗಿ ಕಂಡಿತು.

ಇಲ್ಲಿಯವರೆಗೆ ಹೇಳಿದ್ದು ಒಡೆಯರಿಗೂ ವಿಮುಕ್ತರಿಗೂ ನಡೆದ ಜಗ್ಗಾಟ. ಇನ್ನೊಂದು ಬಗೆಯ ವ್ಯಾಜ್ಯವಿತ್ತು. ಅದನ್ನು ಮುಚ್ಚಿಟ್ಟರೆ ಸತ್ಯಕ್ಕೆ ಅಪಚಾರವಾದೀತು. ವಿಮುಕ್ತರೇ ವಿಮುಕ್ತರ ಮೇಲೆ ಬ್ಯೂರೋ ಕಚೇರಿಗೆ ದೂರು ತಂದರು. ಹೆಂಡತಿಯನ್ನು ಕಳೆದುಕೊಂಡ ಗಂಡ, ಇನ್ನು ಅವಳು ಸಿಕ್ಕುವುದುಂಟೇ ಎಂದು ಬೇರೊಬ್ಬಳ ಕೈಹಿಡಿದಿರುತ್ತಾನೆ. ಯುದ್ಧ ಮುಗಿದಮೇಲೆ ಮೊದಲಿನವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ತಪ್ಪು ಯಾರದು? ದಕ್ಷಿಣ ಕೆರೊಲಿನದಲ್ಲಿ ಬ್ಯೂರೋ ಅಧಿಕಾರಿಯಾಗಿದ್ದ ರೂಫಸ್ ಸ್ಯಾಕ್ಸ್‌ಟನ್, 1865ರಲ್ಲಿ ವಿವಾಹನಿಯಮಗಳನ್ನೇ ಹೊರಡಿಸಿ, ಒಂಟಿಯಾಗಿರುವ ಗಂಡಸಿಗೆ ಇಬ್ಬರು ಹೆಂಡಿರು ಮರಳಿ ದೊರೆತರೆ ಅವನಿಂದ ಮಕ್ಕಳನ್ನು ಪಡೆದವಳಿಗೆ ಮೊದಲ ಹಕ್ಕು ಎಂದು ಸಾರಿದ. ಧರ್ಮಶಾಸ್ತ್ರ ಬಲ್ಲವರು ಇದನ್ನು ಒಪ್ಪುವರೋ ಬಿಡುವರೋ. ದಂಡಿನವನೊಬ್ಬ ಇಂಥ ಕಗ್ಗಂಟಿನ ಮುಂದೆ ಕುಳಿತು ಮಕ್ಕಳ ಮುಖ ನೋಡಿ ಬರೆದ ಈ ಮಾತು ನನಗೆ ವಿವೇಕದ್ದಾಗಿಯೇ ತೋರುತ್ತದೆ.

ಮಕ್ಕಳ ಪ್ರಶ್ನೆ ಇನ್ನೂ ತೊಡಕಿನದು. ಗುಲಾಮಗಿರಿಯಲ್ಲಿ ಮಗು ತಾಯಿಯ ಗುಡಿಸಲಿನಲ್ಲಿ ಬೆಳೆಯುತ್ತಿತ್ತು. ತಂದೆ ಅನೇಕ ವೇಳೆ ಬೇರೊಂದು ತೋಟದವನು, ವಾರಕ್ಕೊಮ್ಮೆ ಒಡೆಯನಿಂದ ಅನುಮತಿಯ ಚೀಟಿ ಪಡೆದು ಬಂದುಹೋಗುವವನು. ಬಿಡುಗಡೆಯಾದೊಡನೆ, ಮದುವೆಯನ್ನು ಮಾನ್ಯಮಾಡಿದ ಅದೇ ಕಾನೂನು, ಇಂಗ್ಲಿಷ್ ಸಂಪ್ರದಾಯದಂತೆ, ಮಕ್ಕಳ ಮೇಲಿನ ಹಕ್ಕನ್ನು ತಂದೆಯ ಕೈಗಿತ್ತಿತು. ಹೊತ್ತು ಹೆತ್ತು ಕತ್ತಲಲ್ಲಿ ಕಾದವಳು, ಈಗ ಬೇರೆಯಾದ ಗಂಡ ಮಗುವನ್ನು ಕರೆದೊಯ್ದನೆಂದು ಅಧಿಕಾರಿಯ ಮುಂದೆ ಕಣ್ಣೀರಿಟ್ಟರೆ, ಕಾನೂನು ಪುಸ್ತಕ ಅವಳ ಕಡೆಗೆ ಇರಲಿಲ್ಲ. ಇನ್ನು ಕೆಲವೆಡೆ ತಾಯಿಯನ್ನು ಮಾರಿದಾಗ ಮಡಿಲಿಗೆ ಬಿದ್ದ ಕೂಸನ್ನು ಅಜ್ಜಿಯೋ ಚಿಕ್ಕಮ್ಮನೋ ನೆಂಟಸ್ತಿಕೆಯೇ ಇಲ್ಲದ ನೆರೆಯವಳೋ ಸಾಕಿ ಬೆಳೆಸಿದ್ದಳು. ಹತ್ತು ವರ್ಷದ ಮೇಲೆ ಹೆತ್ತವಳು ಬಂದು ಕೇಳಿದಾಗ ಮಗುವಿಗೆ ಆಕೆಯ ಗುರುತೇ ಇಲ್ಲ. ಸಾಕಿದವಳಿಗೂ ಹೆತ್ತವಳಿಗೂ ನಡುವೆ ನ್ಯಾಯ ಹೇಳಬೇಕಾದವನು, ಆ ಜನರ ಮಾತಿನ ಧಾಟಿಯೇ ಸರಿಯಾಗಿ ಹಿಡಿಯದ, ಉತ್ತರ ದೇಶದ ಒಬ್ಬ ತರುಣ ಸೈನ್ಯಾಧಿಕಾರಿ. ಈ ಕಲಹಗಳನ್ನು ಕಂಡು, ನೋಡಿ, ಕರಿಯರಿಗೆ ಸಂಸಾರದ ಕಟ್ಟುಪಾಡೇ ತಿಳಿಯದು ಎಂದು ತಲೆಯಾಡಿಸಿದವರಿದ್ದಾರೆ. ನಾನು ಬೇರೆ ರೀತಿ ನೋಡುತ್ತೇನೆ. ಮಗು ಒಡೆಯನ ಸ್ವತ್ತಾಗಿದ್ದಾಗ ತಾಯಿಗೂ ತಂದೆಗೂ, ಅಜ್ಜಿಗೂ ಮಗಳಿಗೂ ಜಗಳವಿರಲಿಲ್ಲ. ಜಗಳವಾಡುವುದಕ್ಕೆ ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ. ನನ್ನ ಮಗು ಎಂದು ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೂಗಾಡುವ ಆ ಹೆಂಗಸರ ಗದ್ದಲವನ್ನು ಬಿಡುಗಡೆಯ ಸದ್ದೆಂದೇ ನಾನು ಕೇಳುತ್ತೇನೆ.

ಕೂಗಾಡುವುದಕ್ಕೂ ಎದುರಿಗೆ ಯಾರೂ ಸಿಗದವರ ಪಾಡೇನು? ಅವರು ಪತ್ರಿಕೆಗಳ ಮೊರೆಹೊಕ್ಕರು. ಫಿಲಡೆಲ್ಫಿಯದ ‘ಕ್ರಿಶ್ಚಿಯನ್ ರೆಕಾರ್ಡರ್’ ಪತ್ರಿಕೆ ಯುದ್ಧ ಮುಗಿದ ಕಾಲದಿಂದಲೇ ಇಂಥ ಪ್ರಕಟಣೆಗಳನ್ನು ಅಚ್ಚುಹಾಕಿತು. ನ್ಯೂ ಆರ್ಲಿಯನ್ಸಿನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆ ‘ಕಳೆದುಹೋದ ಬಂಧುಗಳು’ ಎಂಬರ್ಥದ ಅಂಕಣವನ್ನೇ ತೆರೆದು, ಒಂದೊಂದಕ್ಕೆ ಐವತ್ತು ಸೆಂಟಿನಂತೆ ಅಚ್ಚುಮಾಡಿ, ಭಾನುವಾರ ಪ್ರಾರ್ಥನೆಗೆ ಸೇರಿದ ಜನಕ್ಕೆ ಇವನ್ನು ಓದಿ ಹೇಳಿರೆಂದು ಪಾದ್ರಿಗಳನ್ನು ಬೇಡಿಕೊಂಡಿತು. ಏಕೆಂದರೆ ಹುಡುಕುವವರಂತೆ ಹುಡುಕಿಸಿಕೊಳ್ಳುವವರಿಗೂ ಅಕ್ಷರ ಬಾರದು. ವಿಮೋಚನೆಯಾಗಿ ಮೂವತ್ತು ವರ್ಷ ಕಳೆದರೂ ಆ ಅಂಕಣಕ್ಕೆ ಕಾಗದಗಳು ಬರುತ್ತಲೇ ಇದ್ದವು. ಈ ಪ್ರಕಟಣೆಗಳಲ್ಲಿ ತಾಯಿಯ ಹೆಸರಿಗಿಂತ ಮೊದಲು ಬರುವುದು ಒಡೆಯನ ಹೆಸರು: ನಾವು ಇಂಥವನಿಗೆ ಸೇರಿದ್ದೆವು, ಆತ ನನ್ನನ್ನು ಇಂಥವನಿಗೆ ಮಾರಿದ. ಮಾರಿದವನ ಹೆಸರೇ ಈ ಜನರಿಗೆ ಉಳಿದಿದ್ದ ವಿಳಾಸ.

ಇಂಥ ಒಂದು ಪತ್ರವನ್ನು ಹೇಳಿ ನನ್ನ ಮಾತನ್ನು ನಿಲ್ಲಿಸುತ್ತೇನೆ. 1867ರ ಮೇ ತಿಂಗಳಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಿಂದ ಹಾಕಿನ್ಸ್ ವಿಲ್ಸನ್ ಎಂಬಾತ ರಿಚ್ಮಂಡಿನ ಬ್ಯೂರೋ ಕಚೇರಿಗೆ ಒಂದು ಕಾಗದ ಬರೆದ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಚಿಕ್ಕ ಹುಡುಗನಾಗಿದ್ದಾಗ, ವರ್ಜೀನಿಯಾದ ಕ್ಯಾರೊಲೈನ್ ಜಿಲ್ಲೆಯಲ್ಲಿ ಹರಾಜಾಗಿ ಹೋದವನು. ಅಂದಿನಿಂದ ಮನೆಯವರ ಸುದ್ದಿಯಿಲ್ಲ. ಅಕ್ಕ, ತಾಯಿ, ಚಿಕ್ಕಪ್ಪಂದಿರು ಎಂದು ಒಬ್ಬೊಬ್ಬರ ಹೆಸರನ್ನೂ, ಅವರು ಯಾವ ಯಾವ ಒಡೆಯನಿಗೆ ಸೇರಿದ್ದರೆಂಬುದನ್ನೂ ಆತ ಮರೆಯದೆ ಬರೆದಿದ್ದಾನೆ. ಅದರೊಡನೆ ಅಕ್ಕ ಜೇನಳಿಗೆಂದು ಬೇರೊಂದು ಕಾಗದವನ್ನು ಮಡಿಸಿಟ್ಟಿದ್ದಾನೆ. ತನಗೆ ಮದುವೆಯಾಗಿದೆ, ಓದಲು ಬರುತ್ತದೆ, ಬರೆಯಲು ಸ್ವಲ್ಪ ಬರುತ್ತದೆ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ ಎಂದು ಅಕ್ಕನಿಗೆ ತಿಳಿಸುತ್ತಾನೆ. ಕೊನೆಯ ರಾತ್ರಿ ನೀನು ನನಗಾಗಿ ಸುಟ್ಟು ಚೀಲದಲ್ಲಿ ತುಂಬಿಕೊಟ್ಟ ಬಿಸ್ಕತ್ತನ್ನು ನಾನು ಎಂದಿಗೂ ಮರೆಯೆನು ಎನ್ನುತ್ತಾನೆ. ಬಿಸ್ಕತ್ತೆಂದರೆ ಆ ನಾಡಿನವರು ಮನೆಯಲ್ಲಿಯೇ ಸುಡುವ ಮೆತ್ತನೆಯ ಸಣ್ಣ ರೊಟ್ಟಿ, ದಾರಿಗೆ ಬುತ್ತಿ.

ಎರಡು ಕಾಗದಗಳೂ ಬ್ಯೂರೋ ಕಡತದಲ್ಲಿಯೇ ಉಳಿದಿವೆ. ಅಕ್ಕನಿಗೆ ಬರೆದದ್ದೂ ಅಲ್ಲಿಯೇ ಇದೆ.